ಅಲೆವೂರಾಯನು ರಾಯನಲ್ಲ

ಕಟಪಾಡಿಯಿಂದ ಪಡುವಣಕ್ಕೆ, ಕಡಲಿಗೂ ಹೊಳೆಗೂ ನಡುವೆ ಇರುವ ಮಟ್ಟು ಎಂಬ ಸಣ್ಣ ಊರಿನ ಹೆಸರು ನಾಡಿನಲ್ಲೆಲ್ಲ ಹಬ್ಬಿರುವುದು ಅಲ್ಲಿ ಬೆಳೆಯುವ ಗುಳ್ಳದಿಂದ. ಆ ಬದನೆಯ ಬೀಜವನ್ನು ವಾದಿರಾಜಸ್ವಾಮಿಗಳು ಊರವರಿಗೆ ದಯಪಾಲಿಸಿದರೆಂಬ ಐತಿಹ್ಯವನ್ನು ನಂಬುವವರು ನಂಬಲಿ, ನಂಬದವರು ಬಿಡಲಿ. 2011ರಲ್ಲಿ ಆ ಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದು ಮಾತ್ರ ಎಲ್ಲರೂ ಒಪ್ಪಬೇಕಾದ ಸಂಗತಿ. ಬೇರೆ ಊರಿನ ಬದನೆಯನ್ನು ಮಟ್ಟುಗುಳ್ಳವೆಂದು ಹೆಸರಿಟ್ಟು ಮಾರಿದರೆ 1999ರ ಕಾಯಿದೆ ಅಡ್ಡಬರುತ್ತದೆ. ಊರಿನ ಹೆಸರು ಕಾಯಿಗೆ ಅಲಂಕಾರವಲ್ಲ, ಅದು ಹುಟ್ಟಿದ ಮಣ್ಣಿನ ಸಾಕ್ಷ್ಯ ಎಂಬ ತತ್ತ್ವವೇ ಆ ಕಾಯಿದೆಯ ಜೀವಾಳ. ಒಂದು ಬದನೆಯ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವ ಜನರು ತಮ್ಮ ಸ್ವಂತ ಹೆಸರಿನ ವಿಷಯದಲ್ಲಿ ಎಷ್ಟು ಉದಾಸೀನರಾಗಿರುವರೆಂಬುದನ್ನು ಕಂಡರೆ ಆಶ್ಚರ್ಯವೂ ವ್ಯಥೆಯೂ ಒಟ್ಟಿಗೆ ಆಗದಿರವು. ಊರನ್ನೂ ಮನೆಯನ್ನೂ ಹೊತ್ತು ಬಂದ ಕುಲನಾಮಗಳನ್ನು ತುಳುನಾಡಿನ ಮನೆತನಗಳು ಒಂದೊಂದಾಗಿ ತೊರೆಯುತ್ತಿವೆ. ಯಾರೂ ಬಲಾತ್ಕಾರ ಮಾಡಿಲ್ಲ. ಯಾವ ಕಾನೂನೂ ವಿಧಿಸಿಲ್ಲ. ಇದ್ದ ಹೆಸರನ್ನು ಇದ್ದವರೇ ಕಳಚಿಡುತ್ತಿದ್ದಾರೆ.

ಅಲೆವೂರಾಯ, ಕಲ್ಲೂರಾಯ, ಪುಣಿಂಚತ್ತಾಯ, ಬೈಪಾಡಿತ್ತಾಯ, ತೋಳ್ಪಾಡಿತ್ತಾಯ, ಕುಂಜತ್ತಾಯ, ನೂರಿತ್ತಾಯ, ಮುಚ್ಚಿಂತಾಯ, ಕಕ್ಕಿಲ್ಲಾಯ, ಬಾಳ್ತಿಲ್ಲಾಯ ಎಂಬಿವೇ ಮೊದಲಾದ ಹೆಸರುಗಳು ಶಿವಳ್ಳಿ ಬ್ರಾಹ್ಮಣರಲ್ಲಿ ಪರಂಪರೆಯಿಂದ ನಡೆದುಬಂದಿವೆ. ಘಟ್ಟದ ಮೇಲಿನವರಿಗೆ ಇವು ಅಪರಿಚಿತ; ಕೇಳಿದೊಡನೆ ಎರಡನೆಯ ಸಲ ಹೇಳಿಸಿಕೊಳ್ಳುವಂಥವು. ಆದುದರಿಂದ ಊರುಬಿಟ್ಟು ಮದರಾಸಿಗೋ ಮುಂಬಯಿಗೋ ಬೆಂಗಳೂರಿಗೋ ಹೋದವರಲ್ಲಿ ಹಲವರು ಇವನ್ನು ಬಿಟ್ಟು ‘ರಾವ್’ ಎಂದೋ ‘ಭಟ್’ ಎಂದೋ ಬರೆಸಿಕೊಂಡರು. ಅಜ್ಜನ ಕ್ರಯಪತ್ರದಲ್ಲಿರುವ ಹೆಸರು ಮೊಮ್ಮಗನ ಶಾಲೆಯ ದಾಖಲೆಯಲ್ಲಿ ಇಲ್ಲ. ಹೀಗೆ ಮಾಡಿದವರನ್ನು ಕೇಳಿದರೆ ಮೂರು ಬಗೆಯ ಸಮಾಧಾನ ದೊರೆಯುತ್ತದೆ. ‘ಎರಡರ ಅರ್ಥವೂ ಒಂದೇ, ರಾಯನೇ ರಾವ್ ಆದುದು’ ಎಂಬುದು ಮೊದಲನೆಯದು. ‘ಪರಸ್ಥಳದಲ್ಲಿ ಅನುಕೂಲ’ ಎಂಬುದು ಎರಡನೆಯದು. ‘ಕುಲನಾಮವೆಂದರೆ ಜಾತಿಯ ಗುರುತು, ಅದು ಹೋದರೆ ಒಳ್ಳೆಯದೇ ಆಯಿತು’ ಎಂಬುದು ಮೂರನೆಯದು. ಈ ಮೂರನ್ನೂ ಕ್ರಮವಾಗಿ ಪರೀಕ್ಷಿಸುವುದು ಯುಕ್ತ.

ಮೊದಲನೆಯ ಸಮಾಧಾನಕ್ಕೆ ಆಧಾರವಾಗಿರುವುದು ಒಂದು ತಪ್ಪು ಪದವಿಭಾಗ. ಅಲೆವೂರಾಯ ಎಂಬುದನ್ನು ಕನ್ನಡದ ಕಿವಿಯಿಂದ ಕೇಳಿದವರಿಗೆ ಕೊನೆಯಲ್ಲಿ ‘ರಾಯ’ ಕೇಳಿಸುತ್ತದೆ. ಅಲ್ಲಿಂದ ಕೃಷ್ಣರಾಯನ ನೆನಪಾಗುತ್ತದೆ. ಅಲ್ಲಿಂದ ‘ರಾವ್’ ಎಂಬುದಕ್ಕೆ ಒಂದೇ ಹೆಜ್ಜೆ. ಆದರೆ ಅಲ್ಲಿರುವ ರಕಾರವು ರಾಯನದಲ್ಲ, ಊರಿನದು. ಮಣಿಪಾಲಕ್ಕೆ ಸಮೀಪದಲ್ಲಿರುವ ಅಲೆವೂರು ಎಂಬ ಗ್ರಾಮವು ಇಂದಿಗೂ ಇದ್ದಲ್ಲಿಯೇ ಇದೆ. ರಕಾರವನ್ನು ರಾಯನಿಗೆ ಕೊಟ್ಟುಬಿಟ್ಟರೆ ಉಳಿಯುವ ‘ಅಲೆವೂ’ ಎಂಬುದಕ್ಕೆ ಯಾವ ಅರ್ಥ? ಊರಿನ ರಕಾರವನ್ನು ಊರಿಗೇ ಉಳಿಸಿ ಮತ್ತೊಂದು ರಾಯನನ್ನು ಸೇರಿಸುವುದಾದರೆ ಎರಡು ರಕಾರಗಳು ಕೇಳಿಬರಬೇಕಿತ್ತು; ಅವು ಎಲ್ಲಿ ಹೋದವು? ಇದೂ ಸಾಲದೆಂಬವರು ಬೈಪಾಡಿತ್ತಾಯ, ಕುಂಜತ್ತಾಯ, ಕಕ್ಕಿಲ್ಲಾಯ ಎಂಬ ಹೆಸರುಗಳನ್ನು ನೋಡಲಿ. ಇವುಗಳಲ್ಲಿ ರಕಾರವೇ ಇಲ್ಲ. ರಾಯನಿಲ್ಲದ ಕಡೆ ರಾಯನನ್ನು ಹುಡುಕುವುದು ಬಾವಿಯಿಲ್ಲದ ಕಡೆ ಹಗ್ಗ ಇಳಿಬಿಟ್ಟಂತೆ.

ಹಾಗಾದರೆ ಈ ಕೊನೆಯ ‘ಆಯ’ ಯಾವುದು? ತುಳು ಮಾತನಾಡುವ ಮನೆಯ ಐದು ವರ್ಷದ ಮಗುವಿಗೂ ಇದರ ಉತ್ತರ ಗೊತ್ತು. ತುಳುವಿನಲ್ಲಿ ‘ಆಯೆ’ ಎಂದರೆ ಅವನು, ‘ಆಳ್’ ಎಂದರೆ ಅವಳು, ‘ಆಕುಲು’ ಎಂದರೆ ಅವರು. ಊರವರನ್ನು ‘ಊರುದಾಕುಲು’ ಎನ್ನುವರು. ಮನೆಯವರನ್ನು ‘ಇಲ್ಲದಾಕುಲು’ ಎನ್ನುವರು. ಮಟ್ಟುವಿನಿಂದ ಒಬ್ಬನು ಬಂದರೆ ಅವನು ‘ಮಟ್ಟುದಾಯೆ’. ಮೊದಲು ಸ್ಥಳ, ನಡುವೆ ಷಷ್ಠೀ ವಿಭಕ್ತಿಯ ಪ್ರತ್ಯಯ, ಕೊನೆಯಲ್ಲಿ ಸರ್ವನಾಮ — ಇಷ್ಟೇ ಇದರ ರಚನೆ. ಆ ಷಷ್ಠಿಯೇ ಹಿಂದಿನ ಶಬ್ದಕ್ಕನುಸಾರವಾಗಿ ಒಮ್ಮೆ ‘ದ’, ಒಮ್ಮೆ ‘ತ್ತ’, ಒಮ್ಮೆ ‘ಂತ’ ಎಂದು ತೋರುವುದರಿಂದ ಹೆಸರುಗಳು ದಾಯ, ತ್ತಾಯ, ಂತಾಯ ಎಂದು ಮುಗಿಯುತ್ತವೆ. ಕನ್ನಡದಲ್ಲಿ ‘ಊರಿನವನು’ ಎಂಬುದರ ಜೊತೆಯಲ್ಲಿಯೇ ‘ಊರವನು’ ಎಂಬ ರೂಪವೂ ಇರುವಂತೆ, ಅಲೆವೂರಾಯ, ಕಲ್ಲೂರಾಯ ಎಂಬಲ್ಲಿ ಪ್ರತ್ಯಯವಿಲ್ಲದೆ ಸರ್ವನಾಮವು ನೇರವಾಗಿ ಊರಿಗೆ ಅಂಟಿಕೊಂಡಿದೆ. ಅಲೆವೂರಾಯನೆಂದರೆ ಅಲೆವೂರಿನವನು. ಅವನು ರಾಯನೂ ಅಲ್ಲ, ರಾಜನೂ ಅಲ್ಲ. ಅಲೆವೂರಿನವನಾಗಿರುವುದೇ ಅವನಿಗೆ ಸಾಕಾಗಿತ್ತು.

ಇದು ಮರೆಯಲ್ಲಿದ್ದ ವಿದ್ಯೆಯೇನೂ ಅಲ್ಲ. ಬ್ರಿಗೆಲ್ ಪಾದ್ರಿಯ ತುಳು ವ್ಯಾಕರಣವು ಮಂಗಳೂರಿನಲ್ಲಿ ಅಚ್ಚಾದುದು 1872ರಲ್ಲಿ. ಮ್ಯಾನರ್ ಪಾದ್ರಿಯ ನಿಘಂಟು ಬಂದುದು 1886ರಲ್ಲಿ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಉಳಿಯಾರು ಪದ್ಮನಾಭ ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟಿನ ಆರು ಸಂಪುಟಗಳು ಹೊರಬಂದು ದಶಕಗಳೇ ಕಳೆದಿವೆ. ಇಷ್ಟೆಲ್ಲ ಸಾಧನಗಳಿದ್ದರೂ ತನ್ನ ಹೆಸರಿನ ಕೊನೆಯ ಎರಡಕ್ಷರದ ಅರ್ಥವನ್ನು ಸಂಸ್ಕೃತದಲ್ಲಿ ಅರಸುವವನ ಕಷ್ಟವು ಅಜ್ಞಾನದಿಂದ ಹುಟ್ಟಿದುದಲ್ಲ, ಸಂಕೋಚದಿಂದ ಹುಟ್ಟಿದುದು. ಮನೆಯಲ್ಲಿ ಆಡುವ ಮಾತು ಹೆಸರಿನಲ್ಲಿರಲು ತಕ್ಕುದಲ್ಲವೆಂಬ ಸಂಕೋಚ.

ಆ ಸಂಕೋಚಕ್ಕೆ ಒಂದು ಶಾಸ್ತ್ರೀಯ ವೇಷವೂ ಉಂಟು. ಮಯೂರವರ್ಮನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ತುಳುನಾಡಿನ 32 ಗ್ರಾಮಗಳಲ್ಲಿ ನೆಲೆಗೊಳಿಸಿದನೆಂದು ಗ್ರಾಮಪದ್ಧತಿಯು ಹೇಳುತ್ತದೆ. ‘ಉತ್ತರದಿಂದ ಬಂದವರ ಹೆಸರು ತುಳುವಾಗಿರುವುದೆಂತು?’ ಎಂದು ಕೇಳುವವರಿದ್ದಾರೆ. ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಹಿರಿಯರು ಎಲ್ಲಿಂದಲೇ ಬಂದಿರಲಿ, ಅವರಿಗೆ ಹೆಸರು ಬಿದ್ದುದು ಎಲ್ಲಿ? ಅಹಿಚ್ಛತ್ರದಲ್ಲಿ ಬಿದ್ದಿದ್ದರೆ ಆ ಹೆಸರಿನಲ್ಲಿ ಅಲೆವೂರು ಹೇಗೆ ಬರುತ್ತಿತ್ತು? ನೆರೆಯವರು ಅವರನ್ನು ಕರೆದರು, ಕರೆದವರ ಭಾಷೆಯಲ್ಲಿ ಕರೆದರು, ಕರೆಯಿಸಿಕೊಂಡವರು ಓಗೊಟ್ಟರು. ವಂಶಾವಳಿಯನ್ನು ಬರೆಯುವವನು ತನಗಿಷ್ಟವಾದ ಕಡೆಯಿಂದ ಆರಂಭಿಸಬಹುದು. ಕುಲನಾಮಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದು ಇತರರ ಬಾಯಲ್ಲಿ ಹುಟ್ಟಿದ ಶಬ್ದ. ಆದುದರಿಂದಲೇ ಅದರ ಸಾಕ್ಷ್ಯವು ಹೆಚ್ಚು ನಂಬಲರ್ಹವಾದುದು.

ಇನ್ನೊಂದು ಸಂಗತಿಯನ್ನು ಈ ಸಂಕೋಚದವರು ಗಮನಿಸಬೇಕು. ಈ ರಚನೆಯು ಬ್ರಾಹ್ಮಣರ ಸೊತ್ತಲ್ಲ. ಜಾರಂದಾಯ, ಕೊಡಮಣಿತ್ತಾಯ, ಕುಕ್ಕಿನಂತಾಯ, ನಾಲ್ಕೈತ್ತಾಯ — ಇವು ಯಾವ ಮನೆತನದ ಹೆಸರುಗಳೂ ಅಲ್ಲ, ನೇಮ ನಡೆಯಿಸಿಕೊಳ್ಳುವ ದೈವಗಳ ಹೆಸರುಗಳು. ಕಡಲ ಕರೆಯ ಮೊಗವೀರರಲ್ಲಿ ತಿಂಗಳಾಯ ಎಂಬ ಹೆಸರುಂಟು. ಮಣಿಪಾಲದಲ್ಲಿ ಪ್ರಧಾನ ಕಚೇರಿಯನ್ನು ಹೊಂದಿದ್ದು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕಿನ ಅಧ್ಯಕ್ಷ ಪದವಿಯನ್ನು ಹಿಂದೆ ಅಲಂಕರಿಸಿದ್ದ ಅರ್ಥಶಾಸ್ತ್ರಜ್ಞ ಎನ್. ಕೆ. ತಿಂಗಳಾಯರಿಂದ ಆ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ದೈವಕ್ಕೆ ಅದೇ ‘ಆಯ’, ಮೀನುಗಾರನಿಗೆ ಅದೇ ‘ಆಯ’, ಪುರೋಹಿತನಿಗೂ ಅದೇ ‘ಆಯ’. ಜಾತಿಗಳು ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತಿದ್ದ ಕಾಲದಲ್ಲಿಯೂ ವ್ಯಾಕರಣವು ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿತ್ತು. ಇದರಲ್ಲಿ ನಾಚಿಕೆಪಡತಕ್ಕುದೇನು? ನಾಚಿಕೆಪಡಬೇಕಾದುದು ಈ ಸಮಾನತೆಯನ್ನು ಕಂಡು ಹೆಸರನ್ನೇ ಬದಲಿಸಿಕೊಂಡವನು.

ಹೆಸರು ಅಪರೂಪವಾಗಿರುವುದೇ ಅದರ ದೋಷವೆಂದು ಕೆಲವರು ತಿಳಿದಿರುವರು. ಅಪರೂಪವಾಗಿರುವುದು ಅದರ ಧರ್ಮ. ‘ರಾವ್’ ಎಂಬುದು ಗೌರವವಾಚಕ. ಗೌರವವನ್ನು ಎಷ್ಟು ಜನರಿಗಾದರೂ ಸಲ್ಲಿಸಬಹುದಾದುದರಿಂದ ಅದು ಕೃಷ್ಣೆಯ ಆಚೆಗೂ ಈಚೆಗೂ ಲಕ್ಷಾಂತರ ಮನೆಗಳಲ್ಲಿ ಹರಡಿದೆ. ‘ಪುಣಿಂಚತ್ತಾಯ’ ಎಂಬುದಾದರೋ ಒಂದು ನೆಲೆಯಿಂದ ಹೊರಟವರಿಗೆ ಮಾತ್ರ ಸಲ್ಲುವ ಹೆಸರು. ಆ ನೆಲೆ ಒಂದೇ ಆದುದರಿಂದ ಹೆಸರೂ ಕೆಲವೇ ಮನೆಗಳಲ್ಲಿ ಇರತಕ್ಕುದು. ಲಕ್ಷ ಜನರಿಗೆ ಸಲ್ಲುವ ಹೆಸರು ಯಾರ ವಿಷಯವನ್ನೂ ಹೇಳುವುದಿಲ್ಲ. ಹತ್ತು ಮನೆಗಳಿಗೆ ಸಲ್ಲುವ ಹೆಸರು ಆ ಹತ್ತು ಮನೆಗಳ ಚರಿತ್ರೆಯನ್ನು ಹೇಳುತ್ತದೆ. ಅಲೆವೂರಾಯರು ಇಂದು ಅಲೆವೂರಿನಿಂದ ಬಹು ದೂರ ತೆಂಕಣಕ್ಕೆ, ಮಂಜೇಶ್ವರದ ಕಡೆಯಲ್ಲಿಯೂ ಇದ್ದಾರೆ. ಅವರು ಯಾವಾಗ ಹೋದರು, ಏಕೆ ಹೋದರು ಎಂಬುದಕ್ಕೆ ಬೇರೆ ಲೇಖವಿರಲಿ ಇಲ್ಲದಿರಲಿ, ಎಲ್ಲಿಂದ ಹೋದರೆಂಬುದಕ್ಕೆ ಹೆಸರೇ ಲೇಖ. ಅಲೆವೂರಿನೊಳಗೇ ಇರುವವನನ್ನು ಅಲೆವೂರಿನವನೆಂದು ಯಾರೂ ಕರೆಯುವುದಿಲ್ಲ. ಅಲ್ಲಿ ಎಲ್ಲರೂ ಅಲೆವೂರಿನವರೇ. ಊರಿನಿಂದ ಹೊರಕ್ಕೆ ಬಂದ ಮೇಲೆಯೇ ಆ ಹೆಸರಿಗೆ ಪ್ರಯೋಜನ ಉಂಟಾದುದು. ಎಂದರೆ ಇಂಥ ಹೆಸರು ಹುಟ್ಟಿದುದೇ ಪರಸ್ಥಳದಲ್ಲಿ ಬಳಸುವುದಕ್ಕಾಗಿ. ಅದನ್ನು ಪರಸ್ಥಳಕ್ಕೆ ಹೋದೊಡನೆ ಬಿಡುವುದು, ಮಳೆ ಬಂತೆಂದು ಕೊಡೆಯನ್ನು ಮನೆಯಲ್ಲಿಟ್ಟು ಹೊರಟಂತಾಯಿತು.

ಇಲ್ಲಿಗೆ ಎರಡನೆಯ ಸಮಾಧಾನವಾದ ಅನುಕೂಲದ ಮಾತೂ ಅರ್ಧ ಕುಸಿಯಿತು. ಉಳಿದ ಅರ್ಧವು ಅರ್ಜಿಯ ಕಾಗದಗಳಿಗೆ ಸಂಬಂಧಿಸಿದುದು. ಜಪಾನಿನಲ್ಲಿ 1875ರಲ್ಲಿ, ತುರ್ಕಿಯಲ್ಲಿ 1934ರಲ್ಲಿ, ಪ್ರಜೆಗಳೆಲ್ಲರೂ ಕುಲನಾಮವನ್ನು ಇಟ್ಟುಕೊಳ್ಳತಕ್ಕುದೆಂದು ಸರಕಾರವೇ ಆಜ್ಞೆ ಮಾಡಿತು. ಅಲ್ಲಿಯ ಜನರು ಇಲ್ಲದ ಹೆಸರನ್ನು ಹುಡುಕಿ ಇಟ್ಟುಕೊಂಡರು. ಇಲ್ಲಿ ಅಂಥ ಆಜ್ಞೆ ಯಾವುದೂ ಇಲ್ಲದೆ ಇದ್ದ ಹೆಸರನ್ನು ಜನರು ಕಳೆದುಕೊಳ್ಳುತ್ತಿದ್ದಾರೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಕುಲನಾಮಕ್ಕೆ ಒಂದು ಜಾಗವಿದೆ; ಆ ಜಾಗದಲ್ಲಿ ‘ಬೈಪಾಡಿತ್ತಾಯ’ ಎಂದು ಬರೆಯುವುದಕ್ಕೆ ಯಾವ ಅಧಿಕಾರಿಯ ಅಡ್ಡಿಯೂ ಇಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಉದ್ದವಾಗುತ್ತದೆಯೆಂಬುದೂ ಒಂದು ಕಾರಣವೆ? ಆಂಧ್ರರೂ ಸಿಂಹಳರೂ ಇದಕ್ಕಿಂತ ಉದ್ದವಾದ ಹೆಸರುಗಳನ್ನು ಹೊತ್ತು ಜಗತ್ತನ್ನೆಲ್ಲ ಸುತ್ತಿ ಬಂದಿರುವರು. ನಿಜವಾದ ಹಾನಿ ಬೇರೊಂದು ಕಡೆಯಲ್ಲಿದೆ. ಇಂಗ್ಲಿಷಿನಲ್ಲಿ ಒಂದೇ ತಕಾರದಿಂದ, ಅದರೊಡನೆ ಹಕಾರವನ್ನೂ ಸೇರಿಸಿ ಬರೆದುದನ್ನು ಮಕ್ಕಳು ಹಿಂದಿರುಗಿ ಕನ್ನಡಕ್ಕೆ ತರುವಾಗ ‘ತ್ತಾಯ’ವು ‘ಥಾಯ’ವಾಗುತ್ತದೆ, ದ್ವಿತ್ವ ಹೋಗುತ್ತದೆ, ಷಷ್ಠಿಯ ಪ್ರತ್ಯಯವೇ ಕಾಣದಂತಾಗುತ್ತದೆ. ಆ ಬಳಿಕ ಅರ್ಥ ತಿಳಿಯದ ಶಬ್ದವನ್ನು ಹೊರುವುದೇಕೆಂದು ಬಿಡುತ್ತಾರೆ. ಮೊದಲು ಕಾಗುಣಿತ ಕೆಡುವುದು, ಅನಂತರ ಅರ್ಥ, ಕಡೆಗೆ ಹೆಸರು — ಅಳಿವಿನ ಮೆಟ್ಟಿಲುಗಳು ಇವೇ ಮೂರು.

‘ಆಯೆ’ ಎಂಬುದು ಪುಲ್ಲಿಂಗವಾದುದರಿಂದ ಹೆಂಗಸರ ಹೆಸರಿನೊಡನೆ ಅದು ಹೊಂದುವುದಿಲ್ಲವೆಂದು ವ್ಯಾಕರಣವನ್ನು ಅರೆಯಾಗಿ ಕಲಿತವರು ಆಕ್ಷೇಪಿಸಬಹುದು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಗಂಡಸರ ಜಾಗಟೆಯನ್ನು ಕೈಗೆತ್ತಿಕೊಂಡು ಭಾಗವತರಾಗಿ ಕೀರ್ತಿ ಗಳಿಸಿದ ಲೀಲಾವತಿ ಬೈಪಾಡಿತ್ತಾಯರ ಹೆಸರೇ ಅದಕ್ಕೆ ಉತ್ತರ. ಹೆಸರಾಗಿ ನಿಂತ ಶಬ್ದವು ವಾಕ್ಯದ ಕಟ್ಟಳೆಗಳಿಂದ ಬಿಡುಗಡೆ ಹೊಂದಿರುತ್ತದೆ. ಹೆಗ್ಗಡೆಯ ಮಗಳು ಹೆಗ್ಗಡೆಯೆಂದು ಬರೆದುಕೊಂಡರೆ ಯಾರೂ ಲಿಂಗವನ್ನು ವಿಚಾರಿಸುವುದಿಲ್ಲ.

ಕರಾವಳಿಯ ಬೇರೆ ಸಮುದಾಯಗಳಲ್ಲಿ ಇದೇ ವ್ಯಾಧಿಯು ಮತ್ತೊಂದು ರೂಪವನ್ನು ತಾಳಿದೆ. ಮೊಗವೀರರಲ್ಲಿಯೂ ಬಿಲ್ಲವರಲ್ಲಿಯೂ ಬಂಟರಲ್ಲಿಯೂ ‘ಬರಿ’ ಎಂಬುದು ತಾಯಿಯಿಂದ ಮಕ್ಕಳಿಗೆ ಬರುವಂಥದು. ಕರ್ಕೇರ ಬರಿಯ ತಾಯಿಗೂ ಕುಂದರ್ ಬರಿಯ ತಂದೆಗೂ ಹುಟ್ಟಿದ ಮಗು ಕರ್ಕೇರವೇ ಹೊರತು ಕುಂದರ್ ಅಲ್ಲ. ಒಂದೇ ಬರಿಯವರು ಒಡಹುಟ್ಟಿದವರಂತೆ. ಅವರೊಳಗೆ ಮದುವೆ ಸಲ್ಲದು. ಆದರೆ ಶಾಲೆಯಲ್ಲಿ ಮಗುವನ್ನು ಸೇರಿಸುವಾಗ ತಂದೆಯ ಕುಲನಾಮವನ್ನೇ ಬರೆಯುವ ವಾಡಿಕೆ ಬಂದುಬಿಟ್ಟಿತು. ಮಗು ಕಾಗದದಲ್ಲಿ ಕುಂದರ್ ಆಯಿತು. ಇಪ್ಪತ್ತೈದು ವರ್ಷಗಳ ಬಳಿಕ ಅದಕ್ಕೆ ಕರ್ಕೇರ ಮನೆಯಿಂದ ಸಂಬಂಧ ಬಂದರೆ ಕಾಗದವು ‘ಆಗಬಹುದು’ ಎನ್ನುತ್ತದೆ, ಅಜ್ಜಿಯು ‘ಆಗದು’ ಎನ್ನುತ್ತಾಳೆ; ತಂದೆಯ ಅಕ್ಕನ ಮಗಳನ್ನು ಕೇಳಹೋದರೆ ಅಜ್ಜಿಯು ‘ಆಗಬಹುದು’ ಎನ್ನುತ್ತಾಳೆ, ಕಾಗದವು ಎರಡೂ ಕಡೆ ಒಂದೇ ಹೆಸರನ್ನು ತೋರಿಸುತ್ತದೆ. ಅಜ್ಜಿಯಿರುವ ತನಕ ತೊಂದರೆಯಿಲ್ಲ. ಅಜ್ಜಿಯರ ಕಾಲ ಮುಗಿದ ಮೇಲೆ ಯಾರನ್ನು ಕೇಳಬೇಕು? ಅಳಿಯಸಂತಾನದ ಆಸ್ತಿಯ ವಿಷಯವು 1949ರ ಮದರಾಸು ಅಳಿಯಸಂತಾನ ಕಾಯಿದೆಯಿಂದಲೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದಲೂ ಹೊಸ ಹಾದಿಯನ್ನು ಹಿಡಿಯಿತು; ಅದು ನ್ಯಾಯವೇ ಇರಬಹುದು. ಆದರೆ ಗದ್ದೆಯ ಪಾಲು ಹೇಗೆ ಹಂಚಿದರೂ ಬರಿಯು ತಾಯಿಯ ಹಾದಿಯನ್ನು ಬಿಡಬೇಕೆಂದು ಆ ಕಾಯಿದೆಗಳು ಹೇಳಲಿಲ್ಲ. ಜಗತ್ತಿನ ಬಹುಭಾಗದಲ್ಲಿ ತಾಯಿಯ ಹೆಸರಿಗೆ ಸ್ಥಾನ ದೊರಕಿಸಬೇಕೆಂದು ಹೋರಾಟ ನಡೆಯುತ್ತಿರುವಾಗ, ಆ ಸ್ಥಾನವನ್ನು ಪರಂಪರೆಯಿಂದಲೇ ಪಡೆದ ನಾಡು ಅದನ್ನು ಒಂದು ಅರ್ಜಿಯ ಕಾಗದಕ್ಕಾಗಿ ಬಿಟ್ಟುಕೊಡುವುದು ವಿವೇಕವೆ?

ಮೂರನೆಯ ಸಮಾಧಾನವು ಮೊದಲಿನ ಎರಡರಂತೆ ಹಗುರವಾದುದಲ್ಲ. ಕುಲನಾಮದಿಂದ ಜಾತಿ ತಿಳಿಯುತ್ತದೆ, ಜಾತಿ ತಿಳಿದಲ್ಲಿ ಪಕ್ಷಪಾತವು ಹಿಂಬಾಲಿಸುತ್ತದೆ ಎಂಬುದು ಅನುಭವದ ಮಾತು. 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ನಡೆದ ಆತ್ಮಗೌರವ ಸಮ್ಮೇಳನವು ಜಾತಿಸೂಚಕವಾದ ಉಪನಾಮಗಳನ್ನು ತ್ಯಜಿಸಬೇಕೆಂದು ನಿರ್ಣಯಿಸಿತು. ಪೆರಿಯಾರರು ತಮ್ಮ ಹೆಸರಿನಿಂದ ‘ನಾಯ್ಕರ್’ ಎಂಬುದನ್ನು ತೆಗೆದರು. ತಮಿಳುನಾಡಿನಲ್ಲಿ ಇಂದು ಹೆಚ್ಚಿನವರು ಜಾತಿಯ ಉಪನಾಮವಿಲ್ಲದೆ ಬಾಳುತ್ತಿರುವುದು ಆ ಚಳವಳಿಯ ಫಲ. ಅದೇ ಉದ್ದೇಶದಿಂದ ತುಳುನಾಡಿನವನೊಬ್ಬನು ತನ್ನ ಕುಲನಾಮವನ್ನು ಪೂರ್ತಿಯಾಗಿ ಬಿಟ್ಟು, ಬರಿಯ ಹೆಸರಿನಿಂದ ಬಾಳುವೆನೆಂದರೆ ಅವನಿಗೆ ತಲೆಬಾಗಬೇಕು. ಅವನೊಡನೆ ಈ ವಾದಕ್ಕೆ ಯಾವ ಜಗಳವೂ ಇಲ್ಲ. ಆದರೆ ‘ತ್ತಾಯ’ವನ್ನು ಬಿಟ್ಟು ‘ರಾವ್’ ಅಥವಾ ‘ಭಟ್’ ಎಂದು ಬರೆದುಕೊಂಡವನು ಯಾವ ಜಾತಿಯನ್ನು ಬಿಟ್ಟಂತಾಯಿತು? ಬಿಟ್ಟುದು ಊರನ್ನು, ಉಳಿಸಿಕೊಂಡುದು ಪದವಿಯನ್ನು. ಬೈಪಾಡಿತ್ತಾಯ ಎಂಬ ಶಬ್ದವು ಬಾಯಿಬಿಟ್ಟು ಹೇಳುವುದು ‘ಇಂಥ ನೆಲೆಯವನು’ ಎಂದಷ್ಟೆ. ಅದರಿಂದ ಜಾತಿಯನ್ನು ಊಹಿಸುವವರು ಊಹಿಸುವರೆಂಬುದು ನಿಜ, ಆದರೆ ಆ ಊಹೆಯು ಶಬ್ದದ್ದಲ್ಲ, ಕೇಳುವವನದು. ‘ಭಟ್’ ಎಂಬ ಶಬ್ದವಾದರೋ ಪಾಂಡಿತ್ಯದ ಹೆಮ್ಮೆಯನ್ನೇ ಹೇಳುತ್ತದೆ. ನೆಲದ ಹೆಸರನ್ನು ಕೊಟ್ಟು ಹೆಮ್ಮೆಯ ಹೆಸರನ್ನು ಕೊಂಡುಕೊಂಡವನು ಸಮಾನತೆಯ ಮಾತನ್ನಾಡುವುದು ಚೆನ್ನಲ್ಲ.

ಈ ಮಾತಿಗೆ ನಿದರ್ಶನವಾಗಿ ಬಿ. ವಿ. ಕಕ್ಕಿಲ್ಲಾಯರನ್ನು (1919–2012) ನೆನೆಯಬಹುದು. ಕಮ್ಯುನಿಸ್ಟ್ ಪಕ್ಷದ ಕೆಲಸದಲ್ಲಿ ಆಯುಷ್ಯವನ್ನೆಲ್ಲ ಸವೆಯಿಸಿದ, 1952ರಲ್ಲಿ ರಾಜ್ಯಸಭೆಗೆ ಹೋದ ಆ ಹಿರಿಯರಿಗೆ ಜಾತಿಯ ಮೇಲೆ ಮಮತೆಯಿತ್ತೆಂದು ಅವರ ವಿರೋಧಿಗಳೂ ಹೇಳಲಾರರು. ಆದರೂ ಅವರು ಕೊನೆಯ ತನಕ ಕಕ್ಕಿಲ್ಲಾಯರಾಗಿಯೇ ಇದ್ದರು. ಇನ್ನೊಂದು ನಿದರ್ಶನವು ವೆಂಕಟರಾಜ ಪುಣಿಂಚತ್ತಾಯರದು (1936–2012). ತುಳುವಿಗೆ ಪ್ರಾಚೀನ ಸಾಹಿತ್ಯವೇ ಇಲ್ಲವೆಂದು ಹೇಳುತ್ತಿದ್ದ ಕಾಲದಲ್ಲಿ ತಾಳೆಗರಿಗಳನ್ನು ಹುಡುಕಿ, ತುಳುಲಿಪಿಯನ್ನು ಓದಿ, ವಿಷ್ಣುತುಂಗನ ‘ಶ್ರೀ ಭಾಗವತೊ’ ಮೊದಲಾದ ಕಾವ್ಯಗಳನ್ನು ಬೆಳಕಿಗೆ ತಂದವರು ಅವರು. ಹಳೆಯ ತುಳುವನ್ನು ನಾಡಿಗೆ ತೋರಿಸಿಕೊಟ್ಟವರ ಹೆಸರಿನ ಕೊನೆಯಲ್ಲಿಯೇ ತುಳುವಿನ ಒಂದು ಸರ್ವನಾಮವು ಕುಳಿತಿತ್ತು. ಅವರು ‘ವೆಂಕಟರಾಜ ರಾವ್’ ಆಗಿದ್ದರೆ ಅವರ ವಿದ್ವತ್ತೇನೂ ಕಡಿಮೆಯಾಗುತ್ತಿರಲಿಲ್ಲ; ಆದರೆ ಒಂದು ತಾಳೆಗರಿ ಕಳೆದುಹೋದಷ್ಟೇ ನಷ್ಟವಾಗುತ್ತಿತ್ತು.

ಮಾಡತಕ್ಕುದೇನು? ಗೋಳಾಡುವುದರಿಂದ ಹೆಸರು ಉಳಿಯಲಾರದು. ತಾಲೂಕಿಗೊಂದರಂತೆ ಇರುವ ಸಾಹಿತ್ಯ ಸಂಘಗಳು, ಗ್ರಂಥಾಲಯಗಳು, ಪ್ರೌಢಶಾಲೆಗಳು ಮನಸ್ಸು ಮಾಡಿದರೆ ಒಂದೆರಡು ವರ್ಷಗಳಲ್ಲಿ ತಮ್ಮ ಸೀಮೆಯ ಕುಲನಾಮಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಬಹುದು. ಹೆಸರು, ಅದರ ತುಳು ಉಚ್ಚಾರ, ಮೂಲದ ಮನೆ ಅಥವಾ ಗ್ರಾಮ, ಹಳೆಯ ಕ್ರಯಪತ್ರಗಳಲ್ಲಿಯೂ ದೇವಸ್ಥಾನದ ಕಡತಗಳಲ್ಲಿಯೂ ಅದು ಬರೆಯಲ್ಪಟ್ಟಿರುವ ರೀತಿ, ಇಂದು ಅದನ್ನು ಬಳಸುವವರಿರುವ ಸ್ಥಳಗಳು — ಇಷ್ಟು ಸಾಕು. ಯಾವ ಜಾತಿಯದೆಂಬ ಭೇದವಿಲ್ಲದೆ ಬರಿಗಳನ್ನೂ ದೈವಗಳ ಹೆಸರುಗಳನ್ನೂ ಇದೇ ಪಟ್ಟಿಯಲ್ಲಿ ಸೇರಿಸತಕ್ಕುದು. ಏಕೆಂದರೆ ಒಂದರ ಅರ್ಥವು ಮತ್ತೊಂದರಿಂದ ತಿಳಿಯುವುದು. ಗೃಹಸ್ಥರಾದವರು ಮಾಡಬೇಕಾದುದು ಇನ್ನೂ ಸುಲಭ. ಮಗುವನ್ನು ಶಾಲೆಗೆ ಸೇರಿಸುವ ದಿನ ಮನೆಯ ಹೆಸರನ್ನು ಕನ್ನಡದಲ್ಲಿ ದ್ವಿತ್ವ ತಪ್ಪದಂತೆ ಬರೆಯಿಸುವುದು, ಮತ್ತು ಅದರ ಅರ್ಥವನ್ನು ಆ ಮಗುವಿಗೆ ಒಮ್ಮೆ ಹೇಳುವುದು. ಬರಿಯುಳ್ಳವರು ತಾಯಿಯ ಬರಿಯನ್ನು ಮಕ್ಕಳ ಹೆಸರಿನಲ್ಲಿ ಉಳಿಸುವುದು. ತಂದೆಯ ಹೆಸರು ಬೇಕೇ ಬೇಕೆಂದರೆ ಅದಕ್ಕೆ ಮೊದಲಕ್ಷರವಿದೆ.

ಮಟ್ಟುವಿನ ರೈತರು ತಮ್ಮ ಕಾಯಿಯ ಹೆಸರಿಗಾಗಿ ಕಾಗದಪತ್ರಗಳನ್ನು ಒದಗಿಸಿ ಅದನ್ನು ಕಾಪಾಡಿಕೊಂಡರು. ಆ ಕಾಯಿಯು ಬೇರೆ ಮಣ್ಣಿನಲ್ಲಿ ಬೆಳೆದರೆ ಅದೇ ಆಗಿ ಉಳಿಯುವುದಿಲ್ಲವೆಂದು ಅವರು ಹೇಳುತ್ತಾರೆ. ಮನುಷ್ಯನ ಹೆಸರಿಗೆ ಅದಕ್ಕಿಂತ ಹೆಚ್ಚಿನ ಗುಣವಿದೆ: ಅದು ಬೇರೆ ಮಣ್ಣಿನಲ್ಲಿಯೂ ತನ್ನ ಮಣ್ಣನ್ನು ಹೇಳುತ್ತ ಉಳಿಯಬಲ್ಲುದು. ಹೊತ್ತವನು ಕೆಳಗಿಳಿಸದಿದ್ದರಾಯಿತು.